ಇಂಗ್ಲೆಂಡಿನಲ್ಲಿ 16 ವರ್ಷದ ಮಗನಿಗೆ ಏರ್‌ಸಾಫ್ಟ್ ಗನ್ ಕೊಡಿಸಬಹುದಾ?

ಕೊಡಿಸಬಹುದು, ಲೈಸೆನ್ಸ್ ಬೇಡ. ಏರ್‌ಸಾಫ್ಟ್ ಅಂದರೆ ಪುಟ್ಟ ಪ್ಲಾಸ್ಟಿಕ್ ಗುಂಡು ಹಾರಿಸುವ ನಕಲಿ ಗನ್ ಹಿಡಿದು ಮೈದಾನದಲ್ಲಿ ಒಬ್ಬರಿಗೊಬ್ಬರು ಹೊಡೆದು ಆಡುವ ಆಟ. ಆದರೆ ಅವನೇ ಅಂಗಡಿಗೆ ಹೋಗಿ ಕೊಳ್ಳುವ ಹಾಗಿಲ್ಲ. ನೀವು ಕೊಂಡರೂ ಅವನು ಫೋನಿನಲ್ಲಿ ತೋರಿಸುತ್ತಿರುವ ಆ ಕಪ್ಪು ರೈಫಲ್ ಸಿಗುವುದಿಲ್ಲ, ಬಣ್ಣದ್ದೇ ಸಿಗುವುದು. ಮನೆಯ ಹಿಂದಿನ ಗಾರ್ಡನ್‌ನಲ್ಲಿ ಆಡಬಹುದಾ ಅಂತಲೂ ಕೇಳಿದ್ದೀರಿ, ಆಡಬಹುದು ಆದರೆ ನಾನಾದರೆ ಬಿಡುವುದಿಲ್ಲ. ಬೇಸಿಗೆ ರಜೆಗೆ ಮೈಸೂರಿಗೆ ತೆಗೆದುಕೊಂಡು ಹೋಗುವ ಯೋಚನೆಯನ್ನಂತೂ ಈಗಲೇ ಬಿಟ್ಟುಬಿಡಿ.

ಇನ್ನು ವಿವರ. ನಾನು ವಕೀಲ ಅಲ್ಲ, ಇಲ್ಲಿ ಮಿಡ್‌ಲ್ಯಾಂಡ್ಸ್ ಕಡೆ ಭಾನುವಾರಗಳಲ್ಲಿ ಆಡುವವನು ಅಷ್ಟೇ. ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಕಡೆ ಗಾಳಿ ಬಂದೂಕಿನ ಕಾನೂನೇ ಬೇರೆ, ಆ ಕಡೆ ಮನೆ ಬದಲಾಯಿಸುವುದಿದ್ದರೆ ಅಲ್ಲಿಯದನ್ನು ಹೊಸದಾಗಿ ವಿಚಾರಿಸಿ.

ನಮ್ಮ ಊರಿನಿಂದ ಬಂದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಇದು ಎಷ್ಟು ಜೋರಾಗಿ ಹೊಡೆಯುತ್ತದೆ ಅಂತ. ಜೋರಿಲ್ಲದಿದ್ದರೆ ಆಟಿಕೆ, ಆಟಿಕೆಗೆ ಯಾರ ಅಪ್ಪಣೆ ಬೇಕು, ಅಲ್ವಾ? ದೀಪಾವಳಿಗೆ ಮಕ್ಕಳ ಕೈಗೆ ಕ್ಯಾಪ್ ಪಿಸ್ತೂಲು ಕೊಟ್ಟು ಬೀದಿಗೆ ಬಿಟ್ಟವರು ನಾವು. ಇಲ್ಲಿನ ಕಾನೂನು ಕೇಳುವ ದೊಡ್ಡ ಪ್ರಶ್ನೆ ಅದಲ್ಲ. ಇದು ನೋಡಲು ಹೇಗಿದೆ, ಎದುರಿಗಿದ್ದವನಿಗೆ ನಿಜವಾದ ಗನ್ ಅನ್ನಿಸುತ್ತದಾ, ಅದು ಮುಖ್ಯ. ಮಲೆನಾಡಿನಲ್ಲಿ ಬೆಳೆದಿದ್ದರೆ ನಿಮಗೆ ಪೆಟ್ಲು ಗೊತ್ತಿರುತ್ತದೆ, ಬಿದಿರಿನ ಕೊಳವೆಗೆ ಹಸಿ ಕಾಯಿ ತುರುಕಿ ಹಿಂದಿನಿಂದ ದಬ್ಬಿದರೆ ಪಟ್ ಅಂತ ಹಾರುವುದು. ಏರ್‌ಸಾಫ್ಟ್ ಮಾಡುವ ಕೆಲಸವೂ ಹೆಚ್ಚುಕಮ್ಮಿ ಅದೇ. ಸ್ಪ್ರಿಂಗೋ ಗ್ಯಾಸೋ ಬ್ಯಾಟರಿ ಮೋಟಾರೋ ಗಾಳಿಯನ್ನು ಒತ್ತುತ್ತದೆ, 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹೊರಡುತ್ತದೆ. ಆದರೆ ಪೆಟ್ಲು ಹಿಡಿದ ಹುಡುಗನನ್ನು ನೋಡಿ ಯಾರೂ ಪೊಲೀಸರನ್ನು ಕರೆಯಲು 999ಕ್ಕೆ ಫೋನ್ ಮಾಡುವುದಿಲ್ಲ.

ಶಕ್ತಿಯ ವಿಚಾರವನ್ನು ಬೇಗ ಮುಗಿಸುತ್ತೇನೆ. 2017ರಲ್ಲಿ ಬಂದ ಕಾನೂನಿನ ಪ್ರಕಾರ ಒಂದೇ ಸಲಕ್ಕೆ ಸತತವಾಗಿ ಹಾರಿಸುವಂಥದ್ದಾದರೆ 1.3 ಜೂಲ್ (ಗುಂಡಿನ ಶಕ್ತಿಯ ಅಳತೆ), ಒಂದೊಂದೇ ಹಾರಿಸುವಂಥದ್ದಾದರೆ 2.5 ಜೂಲ್ ಮಿತಿ. ಅದರೊಳಗಿದ್ದರೆ ಅದನ್ನು ಬಂದೂಕು ಅಂತ ಲೆಕ್ಕ ಹಾಕುವುದಿಲ್ಲ. ದಾಟಿದರೆ ಆ ರಿಯಾಯಿತಿ ಹೋಯಿತು, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡ ಕೇಸಿನವರೆಗೂ ಹೋಗಬಹುದು. ಹಾಗಾಗಿ ಯೂಟ್ಯೂಬ್ ನೋಡಿಕೊಂಡು ಗಟ್ಟಿ ಸ್ಪ್ರಿಂಗ್ ಹಾಕುವ ಹುಚ್ಚು ಮಗನಿಗೆ ಹತ್ತದಂತೆ ನೋಡಿಕೊಳ್ಳಿ.

ನೋಟದ ವಿಚಾರ ಇರುವುದು 2006ರ ಕಾನೂನಿನಲ್ಲಿ, ಜಾರಿಗೆ ಬಂದದ್ದು 2007ರ ಅಕ್ಟೋಬರ್‌ನಲ್ಲಿ. ನಿಜವಾದ ಗನ್ನಿನ ಹಾಗೇ ಕಾಣುವ ನಕಲಿಯನ್ನು ತಯಾರಿಸುವುದು, ಮಾರುವುದು, ಹೊರದೇಶದಿಂದ ತರಿಸುವುದು ಅಪರಾಧ. ಹಾಗೆ ಕಾಣಬಾರದು ಅಂದರೆ ಮುಖ್ಯ ಬಣ್ಣ ಢಾಳಾಗಿ ಕೆಂಪು, ಕಿತ್ತಳೆ, ಹಳದಿ, ಹಸಿರು, ಗುಲಾಬಿ, ನೇರಳೆ ಅಥವಾ ನೀಲಿ ಇರಬೇಕು, ಇಲ್ಲವೇ ಪಾರದರ್ಶಕವಾಗಿರಬೇಕು. ಅಂಗಡಿಯವರು ಇದನ್ನು ಟೂ-ಟೋನ್ ಅನ್ನುತ್ತಾರೆ. ಮಗನಿಗೆ ನೀವು ಕೊಡಿಸಬಹುದಾದದ್ದು ಇದನ್ನೇ. 18 ತುಂಬದವರಿಗೆ ಯಾವ ನಕಲಿ ಗನ್ನನ್ನೂ ಮಾರುವಂತಿಲ್ಲ, ಅವರು ಕೊಳ್ಳುವಂತೆಯೂ ಇಲ್ಲ. ಆದರೆ ಅಪ್ಪ ಅಮ್ಮ ಕೊಂಡು ಕೊಟ್ಟರೆ ತೊಂದರೆ ಇಲ್ಲ. ನೀಲಿ ರೈಫಲ್ ನೋಡಿ ಹುಡುಗ ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ ಬಿಡಿ. ಮನೆಗೆ ಬಂದ ಮೇಲೆ ಅದಕ್ಕೆ ಕಪ್ಪು ಸ್ಪ್ರೇ ಹೊಡೆಯಲು ಮಾತ್ರ ಬಿಡಬೇಡಿ. ಬಣ್ಣ ಬದಲಿಸಿ ನಿಜದಂತೆ ಮಾಡುವುದೂ ಅದೇ ಕಾನೂನಿನಲ್ಲಿ ಅಪರಾಧವೇ.

ಹಾಗಾದರೆ ಮೈದಾನದಲ್ಲಿ ಎಲ್ಲರ ಕೈಯಲ್ಲೂ ಕಪ್ಪು ಗನ್ ಹೇಗೆ ಅಂತ ಕೇಳುತ್ತೀರಿ. ಏರ್‌ಸಾಫ್ಟ್ ಆಡುವವರಿಗೆ ಕಾನೂನಿನಲ್ಲೇ ಒಂದು ವಿನಾಯಿತಿ ಇದೆ. ವಿಮೆ ಇರುವ ಮೈದಾನದಲ್ಲಿ ಆಡುವವನು ಅಂತ ಮಾರುವವನಿಗೆ ಖಾತ್ರಿಯಾಗಬೇಕು. ಆ ಖಾತ್ರಿಗೆ ಬಹಳಷ್ಟು ಅಂಗಡಿಗಳು ನೋಡುವುದು ಯುಕಾರಾ ಅನ್ನುವ ಆಟಗಾರರ ಪಟ್ಟಿಯನ್ನು. ಅದರಲ್ಲಿ ಹೆಸರು ಸೇರಲು ನೋಂದಾಯಿತ ಮೈದಾನದಲ್ಲಿ ಕನಿಷ್ಠ 3 ಸಲ ಆಡಿರಬೇಕು, ಅದೂ 56 ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಅಲ್ಲ, ವಯಸ್ಸು 18 ಆಗಿರಬೇಕು. ಬಹಳ ಜನ ಇದನ್ನು ಲೈಸೆನ್ಸ್ ಅಂದುಕೊಂಡಿದ್ದಾರೆ. ಅಲ್ಲವೇ ಅಲ್ಲ. ಅದು ಮಾರಾಟಗಾರರ ಒಂದು ದಾಖಲೆ, ಅಷ್ಟೇ. ಆ ಪಟ್ಟಿಯ ನಂಬರ್ ಇದೆ ಅಂತ ಗನ್ ಹಿಡಿದು ಪಾರ್ಕಿಗೆ ಹೋದರೆ ಯಾವ ಪೊಲೀಸನೂ ಅದನ್ನು ಮೂಸಿ ನೋಡುವುದಿಲ್ಲ.

ಪಾರ್ಕು ಅಂದೆನಲ್ಲ, ನಿಜವಾದ ಅಪಾಯ ಇರುವುದು ಅಲ್ಲೇ. ಸರಿಯಾದ ಕಾರಣ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ನಕಲಿ ಗನ್ ಇಟ್ಟುಕೊಂಡಿರುವುದೇ ಅಪರಾಧ, 1968ರ ಬಂದೂಕು ಕಾನೂನಿನ 19ನೇ ಕಲಮು. ನೀಲಿ ಬಣ್ಣದ್ದಾದರೂ ನಕಲಿ ನಕಲಿಯೇ. ಜೈಲು ಶಿಕ್ಷೆಯೂ ಇದೆ. ಯಾರನ್ನಾದರೂ ಹೆದರಿಸಲು ಬಳಸಿದರೆ ಬೇರೆ ಕಲಮು, 10 ವರ್ಷದವರೆಗೆ. ನೀವು ವೀಸಾದ ಮೇಲೆ ಇರುವವರು. ಬರೀ ಎಚ್ಚರಿಕೆ ಕೊಟ್ಟು ಬಿಟ್ಟರೂ ಅದು ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ಪಿಆರ್, ಪಾಸ್‌ಪೋರ್ಟ್ ಅಂತ ಅರ್ಜಿ ಹಾಕುವಾಗ ಬರೆಯಬೇಕಾಗುತ್ತದೆ. ಇಲ್ಲಿನ ಹುಡುಗರಿಗಿಂತ ನಮ್ಮ ಹುಡುಗರಿಗೆ ಇದರ ಬೆಲೆ ಜಾಸ್ತಿ, ಅವನಿಗೆ ಬಿಡಿಸಿ ಹೇಳಿ.

ಕಾನೂನಿಗಿಂತ ಕೆಟ್ಟದ್ದು ಇನ್ನೊಂದಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 2014ರ ನವೆಂಬರ್‌ನಲ್ಲಿ ಟಮೀರ್ ರೈಸ್ ಅನ್ನುವ 12 ವರ್ಷದ ಹುಡುಗ ಪಾರ್ಕಿನಲ್ಲಿ ಏರ್‌ಸಾಫ್ಟ್ ಪಿಸ್ತೂಲು ಹಿಡಿದು ಆಡುತ್ತಿದ್ದ. ತುದಿಯಲ್ಲಿರಬೇಕಾದ ಕಿತ್ತಳೆ ಗುರುತು ಅದರಲ್ಲಿ ಇರಲಿಲ್ಲ. ಫೋನ್ ಮಾಡಿ ತಿಳಿಸಿದವನು ಇದು ಬಹುಶಃ ನಕಲಿ ಅಂತಲೂ ಹೇಳಿದ್ದ, ಆದರೆ ಆ ಮಾತು ಕಾರಿನಲ್ಲಿದ್ದ ಪೊಲೀಸರಿಗೆ ಮುಟ್ಟಲೇ ಇಲ್ಲ. ಕಾರು ಬಂದು ನಿಂತ ಸುಮಾರು 2 ಸೆಕೆಂಡಿನಲ್ಲಿ ಗುಂಡು ಹಾರಿತ್ತು. ಮರುದಿನ ಹುಡುಗ ತೀರಿಕೊಂಡ. ಇಲ್ಲಿ ಎಲ್ಲ ಪೊಲೀಸರ ಬಳಿ ಗನ್ ಇರುವುದಿಲ್ಲ ನಿಜ, ಆದರೆ ಯಾರೋ ಗನ್ ಹಿಡಿದಿದ್ದಾರೆ ಅಂತ ಫೋನ್ ಹೋದರೆ ಬರುವುದು ಗನ್ ಇರುವ ತಂಡವೇ. ಅಂದಹಾಗೆ ಆ ಕಿತ್ತಳೆ ತುದಿ ಅಮೆರಿಕದ ನಿಯಮ. ಅಲ್ಲಿಂದ ತರಿಸಿದ ಗನ್ನಿಗೆ ತುದಿಯಲ್ಲಿ ಕಿತ್ತಳೆ ಇದೆ ಅಂದರೆ ಇಲ್ಲಿ ಅದು ಸಾಲುವುದಿಲ್ಲ.

ಗಾರ್ಡನ್‌ನಲ್ಲಿ ಬಿಡುವುದಿಲ್ಲ ಅಂದದ್ದು ಇದಕ್ಕೇ. ನಿಮ್ಮದೇ ಜಾಗ, ಗುಂಡು ಬೇಲಿ ದಾಟದಿದ್ದರೆ ತಕರಾರಿಲ್ಲ. ಆದರೆ ಇಲ್ಲಿಯ ಗಾರ್ಡನ್ ನಿಮಗೆ ಗೊತ್ತು, ಸುತ್ತ ಹತ್ತು ಮನೆಯ ಮಹಡಿ ಕಿಟಕಿಗಳು ಅದರೊಳಕ್ಕೇ ಇಣುಕುತ್ತಿರುತ್ತವೆ. ಗ್ಯಾರೇಜಿನೊಳಗೆ ರಟ್ಟಿನ ಡಬ್ಬಕ್ಕೆ ಹಳೆಯ ಬೆಡ್‌ಶೀಟ್ ತುಂಬಿ ಗುರಿ ಇಡಲಿ, ಸಾಕು. ಅಲ್ಲೂ ಕಣ್ಣಿಗೆ ಗಾಗಲ್ ಹಾಕಲಿ, ಗೋಡೆಗೆ ಬಡಿದ ಗುಂಡು ವಾಪಸ್ ಬರುತ್ತದೆ. ಅಳಿಲು, ಪಾರಿವಾಳಗಳ ಕಡೆ ತಿರುಗಿಸಿದ ದಿನವೇ ಕಿತ್ತುಕೊಳ್ಳಿ.

ಕಣ್ಣಿನ ವಿಚಾರದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮೈಮೇಲೆ ಬಿದ್ದರೆ ಚುರುಕ್ ಅನ್ನುತ್ತದೆ, ಕೆಂಪು ಗುಳ್ಳೆ ಎದ್ದು ಎರಡು ದಿನದಲ್ಲಿ ಹೋಗುತ್ತದೆ, ಹಲ್ಲಿಗೆ ಬಿದ್ದರೆ ಹಲ್ಲು ಮುರಿಯಬಹುದು, ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಓದುವ ಕನ್ನಡಕ, ಕೂಲಿಂಗ್ ಗ್ಲಾಸ್ ಇವೆಲ್ಲ ನಡೆಯುವುದಿಲ್ಲ. ಸುತ್ತ ಮುಖಕ್ಕೆ ಅಂಟಿ ಕೂರುವ, ಹೊಡೆತ ತಡೆಯುವುದು ಪರೀಕ್ಷೆಯಾದ ಗಾಗಲ್ ಬೇಕು. ಚಿಕ್ಕವರಿಗೆ ಬಹಳಷ್ಟು ಮೈದಾನಗಳು ಪೂರ್ತಿ ಮುಖ ಮುಚ್ಚುವ ಮಾಸ್ಕ್ ಇಲ್ಲದೆ ಒಳಗೇ ಬಿಡುವುದಿಲ್ಲ. ಆಟದ ಮಧ್ಯೆ ಗಾಜು ಮಂಜಾದರೆ ಅಲ್ಲೇ ಎತ್ತಿ ಒರೆಸಿಕೊಳ್ಳುವುದು ಎಲ್ಲರಿಗೂ ಬರುವ ಚಪಲ. ಕೂಡದು. ಕೈ ಎತ್ತಿ ಆಟ ನೋಡಿಕೊಳ್ಳುವ ಮಾರ್ಷಲ್‌ನನ್ನು ಕರೆಯಬೇಕು, ಇಲ್ಲವೇ ಗುಂಡು ಹಾರಿಸದ ಜಾಗಕ್ಕೆ, ಅಂದರೆ ಸೇಫ್ ಜೋನ್‌ಗೆ, ನಡೆದು ಬರಬೇಕು.

ಸೇಫ್ ಜೋನ್‌ಗೂ ಒಂದು ಕ್ರಮ ಇದೆ. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆದರೆ ಗನ್ ಖಾಲಿ ಅಂತ ಹೊಸಬರು ನಂಬುತ್ತಾರೆ, ಆದರೆ ಒಳಗೆ ಒಂದು ಗುಂಡು ಕೂತೇ ಇರಬಹುದು. ಆದ್ದರಿಂದ ಮ್ಯಾಗಜೀನ್ ತೆಗೆದು, ನೆಲದ ಕಡೆ ಹಿಡಿದು ಒಂದೆರಡು ಸಲ ಟ್ರಿಗರ್ ಒತ್ತಿ, ಸೇಫ್ಟಿ ಲಾಕ್ ಹಾಕಿ, ಗನ್ನಿನ ಬಾಯಿಗೆ ಬಟ್ಟೆಯ ಚೀಲ ಸಿಕ್ಕಿಸಿ ಆಮೇಲೆ ಒಳಗೆ ಕಾಲಿಡುವುದು. ಬೆಳಿಗ್ಗೆ ಹೋದ ತಕ್ಷಣ ಪ್ರತಿ ಗನ್ನಿನ ವೇಗ ಅಳೆಯುತ್ತಾರೆ. 0.20 ಗ್ರಾಂ ಗುಂಡಿಗೆ ಸೆಕೆಂಡಿಗೆ 350 ಅಡಿ ಅನ್ನುವುದು ಮೈದಾನಗಳ ಸಾಮಾನ್ಯ ಮಿತಿ, ಲೆಕ್ಕ ಹಾಕಿದರೆ ಸುಮಾರು 1.14 ಜೂಲ್, ಕಾನೂನಿಗಿಂತ ಸ್ವಲ್ಪ ಕೆಳಗೇ. ಮಿತಿ ದಾಟಿದ ಗನ್ ಆ ದಿನ ಚೀಲದಿಂದ ಹೊರಗೆ ಬರುವ ಹಾಗಿಲ್ಲ, ಎಷ್ಟು ದುಡ್ಡು ಕೊಟ್ಟಿದ್ದರೂ ಸರಿ.

ಒಯ್ಯುವಾಗ ಮುಚ್ಚಿದ ಚೀಲ, ಬ್ಯಾಟರಿ ಬೇರೆ, ಮ್ಯಾಗಜೀನ್ ಬೇರೆ, ಎಲ್ಲವೂ ಡಿಕ್ಕಿಯಲ್ಲಿ. ಮನೆಯಿಂದ ನೇರ ಮೈದಾನ, ಮೈದಾನದಿಂದ ನೇರ ಮನೆ. ಆಟಕ್ಕೆ ಹೋಗುತ್ತಿದ್ದೇನೆ ಅನ್ನುವುದು ಒಪ್ಪುವ ಕಾರಣ, ದಾರಿಯಲ್ಲಿ ಗೆಳೆಯನಿಗೆ ತೋರಿಸಲು ಹೊರಗೆ ತೆಗೆದೆ ಅನ್ನುವುದು ಅಲ್ಲ. ಎಂದಾದರೂ ಪೊಲೀಸರು ಕೂಗಿದರೆ ವಿವರಣೆ ಕೊಡುತ್ತಾ ಅವರ ಕಡೆ ತಿರುಗಬಾರದು, ಓಡಬಾರದು, ಹೇಳಿದ ಹಾಗೆ ಮಾಡಿ ಖಾಲಿ ಕೈ ಕಾಣುವಂತೆ ನಿಲ್ಲಬೇಕು. ಇದನ್ನು ಮಗನಿಗೆ ಒಂದು ಸಲ ಮಾಡಿಸಿಯೇ ತೋರಿಸಿ, ಬರೀ ಬಾಯಲ್ಲಿ ಹೇಳಿದರೆ ಆ ಗಾಬರಿಯಲ್ಲಿ ನೆನಪಾಗುವುದಿಲ್ಲ.

ಊರಿಗೆ ಒಯ್ಯುವ ಮಾತು. ಇಂಡಿಯಾದಲ್ಲಿ 20 ಜೂಲ್ ಒಳಗಿನ, 4.5 ಮಿ.ಮೀ. ಏರ್‌ಗನ್‌ಗೆ ಲೈಸೆನ್ಸ್ ಬೇಡ ಅಂತ ಯಾರೋ ನಿಮಗೆ ಹೇಳಿರುತ್ತಾರೆ. ಅದು ಅಲ್ಲಿಯೇ ಅಂಗಡಿಯಲ್ಲಿ ಕೊಳ್ಳುವ ಮಾತು. ಹೊರದೇಶದಿಂದ ಸೂಟ್‌ಕೇಸಿನಲ್ಲಿ ತರುವುದು ಆಮದು, ಅದರ ಕಟ್ಟುಪಾಡೇ ಬೇರೆ. ವಿಮಾನದ ಕೈಚೀಲದಲ್ಲಂತೂ ಗನ್ನಿನಂತೆ ಕಾಣುವ ಆಟಿಕೆಯನ್ನೂ ಬಿಡುವುದಿಲ್ಲ. ಹದಿಮೂರು ಗಂಟೆ ಪ್ರಯಾಣ ಮಾಡಿ ಬಂದು ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣದಲ್ಲಿ ಕಸ್ಟಮ್ಸ್‌ನವರಿಗೆ ಜೂಲ್ ಲೆಕ್ಕ ಹೇಳುತ್ತಾ ನಿಲ್ಲುವುದು ಯಾಕೆ ಬೇಕು ಹೇಳಿ.

ಕೊನೆಯದಾಗಿ, ಈಗಲೇ ಗನ್ ಕೊಡಿಸಬೇಡಿ. ಹತ್ತಿರದ ಮೈದಾನದಲ್ಲಿ ಬಾಡಿಗೆಗೆ ಗನ್, ಮಾಸ್ಕ್, ಗುಂಡು ಎಲ್ಲ ಸಿಗುತ್ತದೆ, ಮೊದಲೇ ಬುಕ್ ಮಾಡಬೇಕು, ನೀವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಎಷ್ಟು ವಯಸ್ಸಿನಿಂದ ಸೇರಿಸುತ್ತಾರೆ, ಅಪ್ಪ ಅಮ್ಮ ಜೊತೆಗಿರಬೇಕಾ ಅನ್ನುವುದು ಮೈದಾನದಿಂದ ಮೈದಾನಕ್ಕೆ ಬೇರೆ, ಫೋನ್ ಮಾಡಿ ಕೇಳಿಬಿಡಿ. ಕೆಲವು ಭಾನುವಾರ ಹೀಗೆ ಆಡಲಿ. ಮಳೆಯಲ್ಲಿ, ಕೆಸರಿನಲ್ಲಿ ದಿನವಿಡೀ ಓಡಿದ ಮೇಲೂ ಬೇಕು ಅಂದರೆ ಆಗ ಟೂ-ಟೋನ್ ಕೊಡಿಸಿ. ನೀವೂ ಒಂದು ಮಾಸ್ಕ್ ಬಾಡಿಗೆಗೆ ಪಡೆದು ಒಳಗೆ ಹೋಗಿ, ಚೆನ್ನಾಗಿರುತ್ತದೆ. ಕಣಕಾಲು ಮುಚ್ಚುವ ಬೂಟು ಮರೆಯಬೇಡಿ. ಬಟ್ಟೆ ಒಗೆಯಲು ಹಾಕುವ ಮುಂಚೆ ಜೇಬು ನೋಡಿ, ಆ ಪ್ಲಾಸ್ಟಿಕ್ ಗುಂಡು ವಾಷಿಂಗ್ ಮಷೀನ್ ಫಿಲ್ಟರ್‌ನಲ್ಲಿ ಸಿಕ್ಕಿಕೊಂಡರೆ ಮನೆಯಲ್ಲಿ ಆಗುವ ಯುದ್ಧಕ್ಕೆ ಯಾವ ಮಾರ್ಷಲ್ಲೂ ಇಲ್ಲ.