ಹೋರಾಡುವುದೋ, ರಾಜಿಯಾಗುವುದೋ: ಪುರಸಭೆಯ ಕಟಕಟೆಯ ಲೆಕ್ಕ

ಪ್ರಶ್ನೆ: ನಾನು ಪುರಸಭೆಯೊಂದಕ್ಕೆ ಮೊದಲ ಬಾರಿ ಆಯ್ಕೆಯಾದ ಸದಸ್ಯೆ. ಚಪ್ಪಡಿ ಮುಚ್ಚದೆ ಬಿಟ್ಟಿದ್ದ ಚರಂಡಿಗೆ ರಾತ್ರಿ ಹೊತ್ತು ಬಿದ್ದು ಕಾಲು ಮುರಿದುಕೊಂಡ ವ್ಯಾಪಾರಿಯೊಬ್ಬರು 6 ಲಕ್ಷ ರೂಪಾಯಿ ಪರಿಹಾರ ಕೋರಿ ಪುರಸಭೆಯ ಮೇಲೆ ದಾವೆ ಹೂಡಿದ್ದಾರೆ. 4 ಲಕ್ಷಕ್ಕೆ ರಾಜಿಯಾಗಲು ಸಿದ್ಧ ಎಂದು ಈಗ ತಿಳಿಸಿದ್ದಾರೆ. ‘ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಬಂದು ನಿಲ್ಲುತ್ತಾರೆ’ ಎಂಬುದು ಕೆಲವು ಸದಸ್ಯರ ವಾದ. ಅಧಿಕಾರಿಗಳಿಗೆ ಲೆಕ್ಕಪರಿಶೋಧನೆಯ ಆಕ್ಷೇಪಣೆಯ ಭಯ. ಮುಂದಿನ ಸಭೆಯಲ್ಲಿ ನಾನು ಯಾವ ಆಧಾರದ ಮೇಲೆ ಕೈ ಎತ್ತಬೇಕು?

ಉತ್ತರ: ಮೊದಲು ಕಡತವನ್ನು ತರಿಸಿಕೊಂಡು ಓದಿ. ‘ನಮ್ಮ ಕೇಸು ಗಟ್ಟಿಯಾಗಿದೆ, ಎದುರಿಸಬಹುದು’ ಎಂಬ ಎರಡು ಸಾಲಿನ ಟಿಪ್ಪಣಿ ಕಾನೂನು ಅಭಿಪ್ರಾಯವಾಗುವುದಿಲ್ಲ. ಆ ಚಪ್ಪಡಿ ಇಲ್ಲದ ಬಗ್ಗೆ ಅಪಘಾತಕ್ಕೆ ಮೊದಲೇ ಯಾರಾದರೂ ದೂರು ಕೊಟ್ಟಿದ್ದರೇ, ದೂರು ವಹಿಯಲ್ಲಿ ಅದು ದಾಖಲಾಗಿದೆಯೇ, ಚರಂಡಿ ಕಾಮಗಾರಿ ಆಗ ಗುತ್ತಿಗೆದಾರರ ಸುಪರ್ದಿನಲ್ಲಿತ್ತೇ, ಮೂರನೆಯವರಿಗೆ ಆಗುವ ಹಾನಿಯನ್ನು ಗುತ್ತಿಗೆದಾರರೇ ಭರಿಸಬೇಕೆಂಬ ಷರತ್ತು ಕರಾರಿನಲ್ಲಿದೆಯೇ ಎಂಬುದು ವಕೀಲರ ಅಭಿಪ್ರಾಯದಲ್ಲಿರಬೇಕು. ದೂರು ವಹಿಯಲ್ಲಿ ಅಪಘಾತಕ್ಕೆ ಒಂದು ತಿಂಗಳು ಮೊದಲಿನ ಒಂದೇ ಒಂದು ನಮೂದು ಸಿಕ್ಕರೂ ಸಾಕು, ‘ನಮಗೆ ಗೊತ್ತಿರಲಿಲ್ಲ’ ಎಂಬ ಪ್ರತಿವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ನಿಜ ಹೇಳಬೇಕೆಂದರೆ, ಗೊತ್ತಿರಲಿಲ್ಲ ಎಂಬ ವಾದ ನಮ್ಮ ನ್ಯಾಯಾಲಯಗಳಲ್ಲಿ ಬಹಳ ಹಿಂದೆಯೇ ಬಲ ಕಳೆದುಕೊಂಡಿದೆ. ದೆಹಲಿಯ ಚಾಂದನಿ ಚೌಕದಲ್ಲಿ ಪುರಭವನದ ಎದುರಿಗಿದ್ದ ಹಳೆಯ ಗಡಿಯಾರ ಗೋಪುರ 1951ರಲ್ಲಿ ಕುಸಿದು ದಾರಿಹೋಕರು ಸತ್ತಾಗ, ಗೋಪುರ ಶಿಥಿಲವಾಗಿದ್ದುದು ಹೊರನೋಟಕ್ಕೆ ತಿಳಿಯುವಂತಿರಲಿಲ್ಲ ಎಂದು ನಗರಾಡಳಿತ ವಾದಿಸಿತು. ರಸ್ತೆಯ ಪಕ್ಕದ ಕಟ್ಟಡದ ಒಡೆಯರಾದವರು ಅದನ್ನು ಕಾಲಕಾಲಕ್ಕೆ ಪರೀಕ್ಷಿಸಿ ಸುಸ್ಥಿತಿಯಲ್ಲಿ ಇಡಲೇಬೇಕು, ಇಂಥ ಕುಸಿತವೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1966ರಲ್ಲಿ. ಸತ್ತವರ ಕುಟುಂಬಗಳು ಅಂತಿಮ ತೀರ್ಪಿಗಾಗಿ ಹದಿನೈದು ವರ್ಷ ಕಾಯಬೇಕಾಯಿತು. ಬಾಯ್ದೆರೆದ ಚರಂಡಿಯ ಪ್ರಕರಣ ಆ ಗೋಪುರದ ಪ್ರಕರಣಕ್ಕಿಂತ ಪುರಸಭೆಗೆ ಹೆಚ್ಚು ಅನುಕೂಲಕರವಾಗಿ ಇರಲಾರದು.

ಇನ್ನು ಮೊತ್ತದ ವಿಚಾರ. ವ್ಯಾಪಾರಿ ಕೇಳಿರುವ 6 ಲಕ್ಷಕ್ಕೆ ಆಸ್ಪತ್ರೆಯ ಬಿಲ್ಲುಗಳೂ ಆದಾಯದ ದಾಖಲೆಗಳೂ ಪೂರ್ತಿ ಆಧಾರ ಕೊಡುತ್ತವೆ, ಪುರಸಭೆ ಸೋಲುವ ಸಂಭವ ನೂರಕ್ಕೆ 70ರಷ್ಟಿದೆ ಎಂದು ನಿಮ್ಮ ವಕೀಲರು ಲಿಖಿತವಾಗಿ ಅಂದಾಜಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಆಗ ದಾವೆಯ ಇಂದಿನ ತೂಕ, ಅಂದರೆ 6 ಲಕ್ಷದ ನೂರಕ್ಕೆ 70 ಭಾಗ, 4 ಲಕ್ಷ 20 ಸಾವಿರ. ಶೇಕಡ 6ರಂತೆ ಐದು ವರ್ಷದ ಬಡ್ಡಿಯನ್ನೂ ಇದೇ ಪ್ರಮಾಣದಲ್ಲಿ ಸೇರಿಸಿದರೆ ಅದು ಸುಮಾರು ಐದೂವರೆ ಲಕ್ಷವಾಗುತ್ತದೆ. ವಕೀಲರ ಶುಲ್ಕ ಮತ್ತು ಸಾಕ್ಷಿ ಹೇಳಲು ಅಲೆಯುವ ಎಂಜಿನಿಯರ್‌ಗಳ ದಿನಗಳು ಇದರ ಮೇಲೆ. ಅಂಥ ಸ್ಥಿತಿಯಲ್ಲಿ 4 ಲಕ್ಷದ ರಾಜಿ ಊರಿನ ಹಣವನ್ನು ಉಳಿಸುತ್ತದೆ. ಆದರೆ ದಾಖಲೆಗಳು 3 ಲಕ್ಷಕ್ಕೆ ಮಾತ್ರ ಹೊಂದುತ್ತವೆ ಎಂದಾದರೆ, ಇದೇ ಲೆಕ್ಕದಲ್ಲಿ ದಾವೆಯ ತೂಕ ಬಡ್ಡಿಸಹಿತ 2 ಲಕ್ಷ 73 ಸಾವಿರಕ್ಕೆ ಇಳಿಯುತ್ತದೆ. ಆಗ 4 ಲಕ್ಷಕ್ಕೆ ಒಪ್ಪುವುದು ತಪ್ಪು, ಪ್ರತಿಪ್ರಸ್ತಾವ ಕಳಿಸುವುದು ಸರಿ. ಬಿಲ್ಲುಗಳನ್ನು ನೋಡದೆ ರಾಜಿಗೆ ಒಪ್ಪುವುದೂ ಲೆಕ್ಕ ಹಾಕದೆ ಹೋರಾಡುವುದೂ ಒಂದೇ ಬಗೆಯ ಬೇಜವಾಬ್ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಎಲ್ಲರೂ ಬರುತ್ತಾರೆ’ ಎಂಬ ವಾದಕ್ಕೆ ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಪ್ರಕರಣ ಉತ್ತರ ಕೊಟ್ಟಿದೆ. ಬಯಲು ಚರಂಡಿಯ ಕೊಳಚೆಯಿಂದಲೂ ಮದ್ಯಸಾರ ಕಾರ್ಖಾನೆಯ ನಾರುವ ನೀರಿನಿಂದಲೂ ಬೇಸತ್ತ ನಿವಾಸಿಗಳು ಮ್ಯಾಜಿಸ್ಟ್ರೇಟರ ಮೊರೆಹೋದರು. ಆರು ತಿಂಗಳಲ್ಲಿ ಯೋಜನೆ ತಯಾರಿಸಿ ಎಂಬ ಆದೇಶ ಬಂದಾಗ, ಹಣವಿಲ್ಲ ಎಂಬ ಕಾರಣ ಮುಂದೊಡ್ಡಿ ಪುರಸಭೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಣದ ಕೊರತೆ ಕರ್ತವ್ಯದಿಂದ ಬಿಡುಗಡೆ ಕೊಡುವುದಿಲ್ಲ ಎಂದು 1980ರಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ವ್ಯಾಜ್ಯಕ್ಕೆ ತೋರಿದ ಉತ್ಸಾಹದ ಅರ್ಧದಷ್ಟನ್ನು ಬೀದಿ ಶುಚಿಗೊಳಿಸುವುದಕ್ಕೆ ತೋರಿದ್ದರೆ ಕೆಲಸದ ಬಹುಪಾಲು ಮುಗಿದಿರುತ್ತಿತ್ತು ಎಂಬರ್ಥದ ಮಾತನ್ನು ಬರೆದರು. ನಾಳೆ ಬೇರೆಯವರು ಬಂದು ನಿಲ್ಲಬಾರದು ಎಂದಿದ್ದರೆ ಊರಿನ ಚರಂಡಿಗಳಿಗೆಲ್ಲ ಚಪ್ಪಡಿ ಮುಚ್ಚಿಸಬೇಕು. ರಾಜಿಯ ನಿರ್ಣಯ ಮಂಡಿಸುವ ದಿನವೇ ಚರಂಡಿ ದುರಸ್ತಿಯ ನಿರ್ಣಯವನ್ನೂ ಮಂಡಿಸಿ ಎಂದು ನೀವು ಪಟ್ಟು ಹಿಡಿಯಿರಿ.

ಅಧಿಕಾರಿಗಳ ಭಯವನ್ನು ಮಾತ್ರ ಹಗುರವಾಗಿ ಕಾಣಬೇಡಿ. ದಾವೆ ಸೋತರೆ ‘ನ್ಯಾಯಾಲಯದ ಆದೇಶ’ ಎಂದು ಬರೆದು ಹಣ ಕಟ್ಟಬಹುದು, ಯಾರೂ ಪ್ರಶ್ನಿಸುವುದಿಲ್ಲ. ಅದೇ ರಾಜಿಗೆ ಸಹಿ ಮಾಡಿದವರನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಗೆಲ್ಲಲಾರದ ಎಷ್ಟೋ ಪ್ರಕರಣಗಳು ಮೇಲ್ಮನವಿಗೆ ಹೋಗುವುದು ಇದೇ ಕಾರಣಕ್ಕೆ. ಆದ್ದರಿಂದ ಮೇಲಿನ ಲೆಕ್ಕ, ವಕೀಲರ ಅಭಿಪ್ರಾಯದ ದಿನಾಂಕ, ಬಿಲ್ಲುಗಳ ಪರಿಶೀಲನೆ, ಭಿನ್ನಮತ ಇದ್ದರೆ ಅದೂ ಸೇರಿ ಎಲ್ಲವೂ ನಡವಳಿಯಲ್ಲಿ ದಾಖಲಾಗಬೇಕು. ಗುತ್ತಿಗೆದಾರರೊಂದಿಗೋ ವಾದಿಯೊಂದಿಗೋ ನಂಟಿರುವ ಸದಸ್ಯರು ಅದನ್ನು ತಿಳಿಸಿ ಚರ್ಚೆಯಿಂದ ಹೊರಗುಳಿಯಬೇಕು. ಆಮೇಲೆ ಪ್ರಕರಣವನ್ನು ಲೋಕ ಅದಾಲತ್ತಿಗೆ ಒಯ್ಯಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅಲ್ಲಿ ಆಗುವ ಐತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ, ವಾದಿ ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. ನ್ಯಾಯಾಧೀಶರ ಸಮ್ಮುಖದಲ್ಲಿ ದಾಖಲಾದ ಮೊತ್ತವನ್ನು ಲೆಕ್ಕಪರಿಶೋಧಕರೂ ಬೇರೆ ದೃಷ್ಟಿಯಿಂದ ನೋಡುತ್ತಾರೆ.

ಹೋರಾಡುವುದೇ ಸರಿ ಎಂದು ಸಭೆ ತೀರ್ಮಾನಿಸಿದರೆ ಗಡುವುಗಳನ್ನು ಮರೆಯುವಂತಿಲ್ಲ. ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ಕೊಡುವ ಉತ್ತರಕ್ಕೆ, ಸಮನ್ಸ್ ತಲುಪಿದ ದಿನದಿಂದ 30 ದಿನ, ಹೆಚ್ಚೆಂದರೆ 90 ದಿನ. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಯಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ, ಕಡತ ಮೇಜಿನಿಂದ ಮೇಜಿಗೆ ಸರಿಯುವುದಕ್ಕೆ ಹಿಡಿದ ಕಾಲವನ್ನು ಮನ್ನಿಸಲು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಲಿಲ್ಲ.

ಪ್ರಶ್ನೆ: ನಮ್ಮ ಗ್ರಾಮದ ಕೆರೆಯಂಗಳದಲ್ಲಿ ಮನೆ ಕಟ್ಟಿಕೊಂಡವರ ವಿರುದ್ಧ ಪ್ರಕರಣ ನಡೆಯುತ್ತಿದೆ. ಮಾರುಕಟ್ಟೆ ಬೆಲೆ ಕಟ್ಟುತ್ತೇವೆ, ರಾಜಿ ಮಾಡಿಕೊಳ್ಳಿ ಎಂದು ಅವರು ಕೇಳುತ್ತಿದ್ದಾರೆ. ಆ ಹಣದಲ್ಲಿ ಶಾಲೆಗೆ ಕೊಠಡಿ ಕಟ್ಟಿಸಬಹುದಲ್ಲವೇ?

ಉತ್ತರ: ಕಟ್ಟಿಸಲಾಗದು. ಪಂಜಾಬಿನ ಪಟಿಯಾಲ ಜಿಲ್ಲೆಯ ಗ್ರಾಮವೊಂದರಲ್ಲಿ ನಡೆದದ್ದು ಇದೇ. ಊರಿನ ಕೊಳವನ್ನು ಮುಚ್ಚಿ ಮನೆ ಕಟ್ಟಿದವರಿಂದ ಬೆಲೆ ವಸೂಲಿ ಮಾಡಿ ಜಾಗವನ್ನು ಅವರಿಗೇ ಬಿಡಲು ಅಧಿಕಾರಿಗಳು ಆದೇಶಿಸಿದ್ದರು. ಅದು ಕಾನೂನುಬಾಹಿರ ಎಂದ ಸುಪ್ರೀಂ ಕೋರ್ಟ್, 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಇಂಥ ಒತ್ತುವರಿಗಳನ್ನು ತೆರವುಗೊಳಿಸುವ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಾಗಲೂ ನಿವಾಸಿಗಳು ಹೋರಾಡಿ 1991ರಲ್ಲಿ ಅದೇ ನ್ಯಾಯಾಲಯದಿಂದ ಜಾಗ ಉಳಿಸಿಕೊಂಡರು.

ಚರಂಡಿಯ ಪ್ರಕರಣದಲ್ಲಿ ಕೊಡುವುದು ಹಣ, ಅದನ್ನು ಅಳೆದು ತೂಗಿ ಕೊಡಬಹುದು. ಕೆರೆ, ಗೋಮಾಳ, ಉದ್ಯಾನ, ಬೀದಿಗಳು ಪಂಚಾಯಿತಿಯ ಸುಪರ್ದಿನಲ್ಲಿವೆಯೇ ಹೊರತು ಈ ಐದು ವರ್ಷದ ಸದಸ್ಯರ ಸ್ವತ್ತಲ್ಲ. ನ್ಯಾಯಾಲಯದಲ್ಲಿ ದಾಖಲಾಗುವ ರಾಜಿಯೂ ಕಾನೂನುಸಮ್ಮತವಾಗಿರಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಅಲ್ಲಿ ವಾಸವಿರುವವರು ನಿಜವಾಗಿಯೂ ಬಡವರಾಗಿದ್ದರೆ ತೆರವಿಗೆ ಕಾಲಾವಕಾಶ ಮತ್ತು ಬದಲಿ ನಿವೇಶನದ ಬಗ್ಗೆ ಮಾತುಕತೆ ನಡೆಸಿ. ಕೆರೆಯ ಬಗ್ಗೆ ನಡೆಸಬೇಡಿ. ಒತ್ತುವರಿಯಾದದ್ದು ಸಾರ್ವಜನಿಕ ರಸ್ತೆಯಾಗಿದ್ದರೆ ಸ್ಥಳೀಯ ಸಂಸ್ಥೆಗೆ ಸ್ವಾಧೀನ ಮರಳಿ ಪಡೆಯಲು ದಾವೆ ಹೂಡುವುದಕ್ಕೆ 1963ರ ಕಾಲಮಿತಿ ಕಾಯ್ದೆ 30 ವರ್ಷ ಕೊಟ್ಟಿದೆ ಎಂಬುದೂ ನೆನಪಿರಲಿ.

ಪ್ರಶ್ನೆ: ನಮ್ಮ ನಗರಸಭೆ ಒಂದು ರಾಜಿ ಮಾಡಿಕೊಂಡಿದೆಯಂತೆ. ವಿವರ ಕೇಳಿದರೆ ‘ಅದು ಗೌಪ್ಯ’ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಪ್ರಕರಣ ನಡೆಯುತ್ತಿರುವಾಗ ವಕೀಲರ ಅಭಿಪ್ರಾಯವನ್ನೂ ಎಷ್ಟು ಮೊತ್ತದವರೆಗೆ ಹೋಗಬಹುದು ಎಂಬ ಮಿತಿಯನ್ನೂ ಗುಟ್ಟಾಗಿ ಇಡುವುದು ಸರಿ, ಎದುರಾಳಿಗೆ ಅದು ತಿಳಿದರೆ ನಷ್ಟವಾಗುವುದು ತೆರಿಗೆದಾರರಿಗೇ. ರಾಜಿ ಮುಗಿದು ಹಣ ಪಾವತಿಯಾದ ಮೇಲೆ ಆ ಕಾರಣ ಉಳಿಯುವುದಿಲ್ಲ. ನಿರ್ಣಯದ ಪ್ರತಿ, ರಾಜಿ ಅರ್ಜಿ, ಪಾವತಿಯ ಓಚರ್, ವಕೀಲರಿಗೆ ಕೊಟ್ಟ ಶುಲ್ಕ, ಇಷ್ಟನ್ನು ಹೆಸರಿಸಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣಗಳನ್ನು ಬಾಧಿತರಿಗೆ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತದೆ. ಉತ್ತರದ ಅವಧಿ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿಯನ್ನು ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ ಸಲ್ಲಿಸಿ.