ಮಂಡಿ ಕೂರಿಸಿದ ಮೇಲೂ ಪಾದ ಮುಟ್ಟಿ ನೋಡುವುದೇಕೆ?

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮ ಬೈಕಿನಿಂದ ಬಿದ್ದು ಮಂಡಿ ಕೀಲು ತಪ್ಪಿತ್ತು. ಆಸ್ಪತ್ರೆಯಲ್ಲಿ ಎಳೆದು ಕೂರಿಸಿದರು. ಮೂಳೆ ಮುರಿದಿಲ್ಲ, ಪಾದದಲ್ಲಿ ನಾಡಿ ಸಿಗುತ್ತಿದೆ ಅಂದರು, ಆದರೂ ಮನೆಗೆ ಬಿಡಲಿಲ್ಲ. ರಾತ್ರಿ ಪಾದ ತಣ್ಣಗಾಗಿದೆ ಅಂತ ಸ್ಕ್ಯಾನ್ ಮಾಡಿ ತಕ್ಷಣ ಆಪರೇಷನ್ ಮಾಡಿದರು. ಚೆನ್ನಾಗಿದ್ದ ಕಾಲಿನಿಂದಲೂ ನರ ತೆಗೆದಿದ್ದಾರೆ. ಮೀನಖಂಡವನ್ನು ಎರಡೂ ಕಡೆ ಕುಯ್ದು ಹೊಲಿಗೆ ಹಾಕದೆ ಬಿಟ್ಟಿದ್ದಾರೆ! ಕೀಲು ಕೂರಿಸುವಾಗ ಅವರೇ ಎಡವಟ್ಟು ಮಾಡಿದರಾ?
– ಓದುಗರು, ತಿಪಟೂರು

ಉತ್ತರ: ನೀವು ಬರೆದದ್ದನ್ನು ನೋಡಿದರೆ ಎಡವಟ್ಟು ಅನ್ನಿಸುವುದಿಲ್ಲ. ಅವತ್ತೇ ಮನೆಗೆ ಕಳಿಸಿದ್ದರೆ ಕಾಲು ಉಳಿಯುವುದೇ ಕಷ್ಟವಿತ್ತು.

ಮಂಡಿಯ ಹಿಂದಿನ ಗುಳಿಯಲ್ಲಿ ಒಂದು ದೊಡ್ಡ ರಕ್ತನಾಳ ಇದೆ. ಮೇಲೂ ಕೆಳಗೂ ಸ್ನಾಯುಗಳ ಸಂದಿಯಲ್ಲಿ ಬಿಗಿಯಾಗಿ ಕೂತಿರುತ್ತದೆ, ಎರಡು ಗೂಟಕ್ಕೆ ಕಟ್ಟಿದ ಬಟ್ಟೆ ಹಗ್ಗದ ಹಾಗೆ. ಕೀಲು ಜಾರಿದಾಗ ಅದಕ್ಕೆ ಸರಿಯಲು ಜಾಗವಿಲ್ಲ, ಜಗ್ಗಿ ಒಳಪದರ ಸೀಳಬಹುದು. ಹೊರಪದರ ಹಾಗೇ ಇರುವುದರಿಂದ ರಕ್ತ ಹರಿಯುತ್ತದೆ, ನಾಡಿಯೂ ಸಿಗುತ್ತದೆ. ಆಮೇಲೆ ಆ ಸೀಳಿನ ಮೇಲೆ ನಿಧಾನವಾಗಿ ಹೆಪ್ಪು ಕಟ್ಟುತ್ತಾ ಹೋಗಿ, ಕೆಲವರಲ್ಲಿ ಗಂಟೆಗಳಲ್ಲಿ, ಕೆಲವರಲ್ಲಿ ಒಂದೆರಡು ದಿನ ಬಿಟ್ಟು, ನಾಳವೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಮತ್ತೆ ಮತ್ತೆ ಪಾದ ಮುಟ್ಟಿ ನೋಡುವುದು. ಕಾಲಿನ ಬಿಪಿಯನ್ನೂ ಕೈಯ ಬಿಪಿಯನ್ನೂ ಹೋಲಿಸುತ್ತೇವೆ. ಕಾಲಿನದನ್ನು ಕೈಯದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸ್ಕ್ಯಾನ್) ಬೇಕು.

ರಕ್ತ ನಿಂತ ಮೇಲೆ ಸುಮಾರು 6 ಗಂಟೆ ದಾಟಿದರೆ ಸ್ನಾಯು ಸಾಯುವ ಅಪಾಯ ಜಾಸ್ತಿ. ಹಾಗಾಗಿ ಆ ಗಡಿಬಿಡಿ.

ನೀವು ನರ ಅಂದದ್ದು ಚರ್ಮದ ಕೆಳಗಿನ ಅಶುದ್ಧ ರಕ್ತನಾಳ (ನಮ್ಮಲ್ಲಿ ಎಲ್ಲದಕ್ಕೂ ನರ ಅನ್ನುತ್ತೇವೆ, ಅಲ್ವಾ!). ಮಂಡಿ ಹಿಂದಿನ ನಾಳದ ಕೆಟ್ಟ ಭಾಗ ತೆಗೆದು ಆ ಜಾಗಕ್ಕೆ ಅದನ್ನು ಜೋಡಿಸುತ್ತಾರೆ. ಅದರೊಳಗೆ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳಿರುವುದರಿಂದ ಸಾಮಾನ್ಯವಾಗಿ ತಲೆಕೆಳಗು ಮಾಡಿಯೇ ಹೊಲಿಯಬೇಕು. ಪೆಟ್ಟಾದ ಕಾಲಿನಲ್ಲಿ ಒಳಗಿನ ಅಶುದ್ಧ ರಕ್ತನಾಳಗಳಿಗೂ ಏಟು ಬಿದ್ದಿರಬಹುದು, ಆಗ ರಕ್ತ ವಾಪಸ್ ಹೋಗಲು ಚರ್ಮದ ಕೆಳಗಿನದೇ ಬೇಕು, ಅದಕ್ಕೆ ಇನ್ನೊಂದು ಕಾಲಿನದು. ಮೀನಖಂಡ ಕುಯ್ದದ್ದು ಬೇರೆ ಕಾರಣಕ್ಕೆ. ಹಸಿದಿದ್ದ ಸ್ನಾಯುವಿಗೆ ರಕ್ತ ವಾಪಸ್ ಬಂದಾಗ ಅದು ಊದುತ್ತದೆ, ಸುತ್ತಲಿನ ಪೊರೆ ಹಿಗ್ಗುವುದಿಲ್ಲ, ಒಳಗೇ ಒತ್ತಿ ಮತ್ತೆ ರಕ್ತ ನಿಲ್ಲುತ್ತದೆ. ಪೊರೆ ಕುಯ್ದು ಬಿಟ್ಟರೆ ಊದಲು ಜಾಗ ಸಿಗುತ್ತದೆ. ಬಾವು ಇಳಿದ ಮೇಲೆ ಹೊಲಿಯುತ್ತಾರೆ, ಇಲ್ಲವೇ ಚರ್ಮ ಕಸಿ ಮಾಡುತ್ತಾರೆ.

ಬೆರಳು ಮರಗಟ್ಟಿದರೆ, ಪಾದ ಬಿಳಿಚಿಕೊಂಡರೆ, ನೋವು ದಿಢೀರ್ ಅಂತ ಹೆಚ್ಚಾದರೆ ಮಧ್ಯರಾತ್ರಿಯಾದರೂ ನರ್ಸ್ ಅವರನ್ನು ಎಬ್ಬಿಸಿ. ಯಾರೋ ಹೇಳಿದರು ಅಂತ ಎಣ್ಣೆ ಹಚ್ಚಿ ನೀವಬೇಡಿ, ನಾಟಿ ಕಟ್ಟೂ ಬೇಡ. ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದಿರುವ ಸಾಧ್ಯತೆ ಹೆಚ್ಚು, ಅದರ ರಿಪೇರಿ ಆಮೇಲಿನ ಮಾತು.