ಸತ್ಯವೇದವನ್ನು, ಅಂದರೆ ಬೈಬಲನ್ನು, ಒಬ್ಬರೇ ಓದಿದರೆ ಸಾಲದೆ? ಯೇಸುವಿನ ಶಿಷ್ಯರಾಗಲು ಇತರರೊಡನೆ ಕೂಡಿ ಏಕೆ ಓದಬೇಕು?

ಒಬ್ಬರೇ ಓದುವುದು ಅಗತ್ಯ, ಆದರೆ ಶಿಷ್ಯತ್ವಕ್ಕೆ ಅಷ್ಟೇ ಸಾಲದು. ಏಕೆಂದರೆ ಯೇಸುವಿನ ಮಾತನ್ನು ತಿಳಿದು ಅದರಂತೆ ನಡೆಯುವವನೇ ಶಿಷ್ಯ, ಮತ್ತು ನಮ್ಮ ನಡೆಯಲ್ಲಿನ ಕೊರತೆ ಎಷ್ಟೋ ಸಲ ನಮಗಿಂತ ಮೊದಲು ಜೊತೆಯವರಿಗೆ ಕಾಣುತ್ತದೆ. ಒಂಟಿಯಾಗಿ ಓದುವಾಗ ಹಿತವಾದ ವಚನದ ಬಳಿ ನಿಂತು, ಚುಚ್ಚುವ ವಚನವನ್ನು ಸದ್ದಿಲ್ಲದೆ ದಾಟಿಬಿಡುತ್ತೇವೆ.

ನಮ್ಮ ಮನೆಕೂಟದಲ್ಲಿ ಒಮ್ಮೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ 23-24ನೆಯ ವಚನಗಳನ್ನು ಓದಿದೆವು: ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಹೋಗಿ ಮೊದಲು ಅವನೊಡನೆ ಒಂದಾಗಬೇಕು. ಈ ಭಾಗವನ್ನು ನಾನು ಎಷ್ಟೋ ಸಲ ಓದಿದ್ದೆ. ಮುಂದಿನ ವಾರ ಹಿರಿಯರೊಬ್ಬರು, "ತಮ್ಮನ ಮನೆಗೆ ಹೋಗಿ ಬಂದೆಯಾ, ಮಗಾ?" ಎಂದು ಮೆಲ್ಲಗೆ ಕೇಳಿದಾಗಲೇ ಅದು ನನಗೇ ಹೇಳಿದ ಮಾತೆಂದು ತಿಳಿದದ್ದು.

ಅರ್ಥ ಮಾಡಿಕೊಳ್ಳುವುದಕ್ಕೂ ಜೊತೆ ಬೇಕು. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ, ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿ, ಯಾರಾದರೂ ದಾರಿ ತೋರಿಸದೆ ತನಗೆ ಹೇಗೆ ತಿಳಿದೀತೆಂದು ಹೇಳಿ, ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನನ್ನು ಹತ್ತಿಸಿಕೊಂಡು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಸತ್ಯವೇದದಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲಿಯೂ ಹೆಚ್ಚಿನವು ಸಭೆಗಳಿಗೆ, ಅಂದರೆ ವಿಶ್ವಾಸಿಗಳ ಕೂಟಗಳಿಗೆ, ಬರೆದವು; ಕೊಲೊಸ್ಸೆಯವರಿಗೆ ಬರೆದದ್ದನ್ನು ಲವೊದಿಕೀಯದ ಸಭೆಯಲ್ಲೂ ಓದಿಸಬೇಕೆಂದು ಆ ಪತ್ರದಲ್ಲೇ ಹೇಳಿದೆ.